ಎಲಹಂಕನಾಡಿನ ಐತಿಹ್ಯಗಳಲ್ಲಿ ದೈವಾನುಜ್ಞೆ

ಮನೆ ಕಟ್ಟುವುದಕ್ಕೆ ಮೊದಲು, ಬಾವಿ ತೋಡುವುದಕ್ಕೆ ಮೊದಲು, ಹೆಣ್ಣು ಕೊಡುವ ಅಥವಾ ತರುವ ಮಾತನ್ನು ನಿಶ್ಚಯಿಸುವುದಕ್ಕೆ ಮೊದಲು ದೇವರ ಅಪ್ಪಣೆಯನ್ನು ಕೇಳುವುದು ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಸಂಪ್ರದಾಯವು. ಹೂ ಕೇಳುವುದು, ಪ್ರಸಾದ ಕೇಳುವುದು, ಅಪ್ಪಣೆ ಬೇಡುವುದು, ಕಣಿ ಕೇಳುವುದು ಎಂದು ಇದಕ್ಕೆ ಜನರ ಮಾತಿನಲ್ಲಿ ಹಲವು ಹೆಸರುಗಳುಂಟು. ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವವರಿದ್ದಾರೆ. ವಿಚಾರಕ್ಕೆ ನಿಲುಕದ ಶ್ರದ್ಧೆಯೆಂದು ಕೈಮುಗಿದು ಸುಮ್ಮನಾಗುವವರೂ ಇದ್ದಾರೆ. ಇತಿಹಾಸದ ದೃಷ್ಟಿಯಿಂದ ನೋಡತಕ್ಕ ಅಂಶಗಳಾದರೋ ಬೇರೆಯಾಗಿವೆ. ದೈವವನ್ನು ಕೇಳುತ್ತಿದ್ದುದು ಮನುಷ್ಯರ ಆಲೋಚನೆಗೆ ಮೊದಲೋ, ಅದು ಮುಗಿದ ಮೇಲೆಯೋ? ದೊರೆತ ಅಪ್ಪಣೆಯು ಯಾರನ್ನು ಕಟ್ಟುತ್ತಿತ್ತು? ಅಪ್ಪಣೆಯೆಂದು ಬಂದ ಮಾತು ಧರ್ಮಕ್ಕೆ ವಿರುದ್ಧವಾಗಿದ್ದರೆ ಹಿರಿಯರು ಏನು ಮಾಡುತ್ತಿದ್ದರು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಸಾಮಗ್ರಿಯು ಬೆಂಗಳೂರಿನ ಉತ್ತರ ಭಾಗದಲ್ಲಿರುವ ಕೊಡಿಗೇಹಳ್ಳಿಯ ಸುತ್ತಲಿನ ಸೀಮೆಯಲ್ಲಿಯೇ ಸಾಕಷ್ಟು ದೊರೆಯುತ್ತದೆ.

ಕೊಡಿಗೇಹಳ್ಳಿಯು ಹೆಬ್ಬಾಳಕ್ಕೂ ಎಲಹಂಕಕ್ಕೂ ನಡುವಣ ಗ್ರಾಮ. ಇದು ಪ್ರಾಚೀನವಾದ ಎಲಹಂಕನಾಡಿನ ಒಳಗಿನದು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಈ ನಾಡಿನ ಹೆಸರು ಇಲೈಪ್ಪಾಕ್ಕನಾಡು ಎಂದು ಕಾಣಬರುತ್ತದೆ. ಗ್ರಾಮದ ಹೆಸರಿನಲ್ಲಿರುವ ಕೊಡಿಗೆ ಎಂಬ ಪದವು ವಿಚಾರಾರ್ಹವಾದುದು. ಸೇವೆಗಾಗಿಯೋ ಉಪಕಾರಕ್ಕಾಗಿಯೋ ಬಿಟ್ಟುಕೊಟ್ಟ ಭೂಮಿಗೆ ಶಾಸನಗಳಲ್ಲಿ ಕೊಡಿಗೆ ಅಥವಾ ಕೊಡಗೆ ಎಂದು ಹೆಸರು. ಕೆರೆಯ ಏರಿಯನ್ನು ಕಟ್ಟಿ ಕಾಪಾಡುವವನಿಗೆ ಕೊಟ್ಟುದು ಕಟ್ಟುಕೊಡಿಗೆ; ಯುದ್ಧದಲ್ಲಿ ಮಡಿದ ವೀರನ ಮನೆಯವರಿಗೆ ಬಿಟ್ಟುದು ನೆತ್ತರುಕೊಡಿಗೆ.

ಇಂತಹ ದಾನಗಳನ್ನು ನಿಶ್ಚಯಿಸಿದ ಕ್ರಮವನ್ನು ಶಾಸನಗಳ ರಚನೆಯಿಂದಲೇ ತಿಳಿಯಬಹುದು. ಮೊದಲು ಕಾಲ, ಆಳುವ ಅರಸನ ಹೆಸರು. ಅನಂತರ ಗಾವುಂಡರು, ಸಮಸ್ತ ಪ್ರಜೆಗಳು ಮೊದಲಾದವರ ಒಪ್ಪಿಗೆ. ಆಮೇಲೆ ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ. ಕಟ್ಟಕಡೆಗೆ, ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿಯೋ ವಾರಣಾಸಿಯಲ್ಲಿಯೋ ಗೋಹತ್ಯೆ ಮಾಡಿದ ಪಾಪವು ಬರಲೆಂಬ ಶಾಪ. ಈ ಶಾಪವಾಕ್ಯವು ಬರುವುದು ಸಾಮಾನ್ಯವಾಗಿ ಎಲ್ಲೆಗಳನ್ನು ಗುರುತಿಸಿದ ಮೇಲೆಯೇ ಹೊರತು ಅದಕ್ಕೆ ಮುಂಚಿತವಾಗಿ ಅಲ್ಲ. ಎಷ್ಟು ಭೂಮಿ, ಯಾರಿಗೆ, ಏತಕ್ಕೆ ಎಂಬುದನ್ನು ಮನುಷ್ಯರು ಕುಳಿತು ತೀರ್ಮಾನಿಸುತ್ತಿದ್ದರು. ಆ ತೀರ್ಮಾನಕ್ಕೆ ದೈವವು ಸಾಕ್ಷಿಯಾಗಿಯೂ ಕಾವಲಾಗಿಯೂ ನಿಲ್ಲುತ್ತಿತ್ತು.

ಕೊಡಿಗೇಹಳ್ಳಿಗೆ ಸಮೀಪದ ಹೆಬ್ಬಾಳದಲ್ಲಿ ೨೦೧೮ರಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲೊಂದು ಬೆಳಕಿಗೆ ಬಂದಿತು. ಗಂಗರಾಜನಾದ ಶ್ರೀಪುರುಷನ ಆಳ್ವಿಕೆಯಲ್ಲಿ, ಸುಮಾರು ಕ್ರಿ. ಶ. ೭೫೦ರಲ್ಲಿ, ಪೆರ್ಬ್ಬೊೞಲ್‌ನಾಡು ಮೂವತ್ತರ ಮೇಲೆ ಬಂದ ಶತ್ರುಗಳೊಡನೆ ಕಾದಿ ಇವನು ಮಡಿದನು. ಈ ಸೀಮೆಯು ಆಗ ಗಂಗರ ರಾಜ್ಯಕ್ಕೆ ಸೇರಿತ್ತೆಂಬುದಕ್ಕೆ ಈ ಕಲ್ಲು ಪ್ರತ್ಯಕ್ಷ ಪ್ರಮಾಣವಾಗಿದೆ. ಆ ಗಂಗರ ರಾಜ್ಯವು ಸ್ಥಾಪಿತವಾದ ಬಗೆಯನ್ನು ಹೇಳುವ ಐತಿಹ್ಯವು ಪ್ರಕೃತ ವಿಷಯಕ್ಕೆ ಬಹಳ ಉಪಯುಕ್ತವಾದುದು. ಶಿವಮೊಗ್ಗೆಯ ಬಳಿಯ ಕಲ್ಲೂರುಗುಡ್ಡದಲ್ಲಿರುವ ೧೨ನೆಯ ಶತಮಾನದ ಶಾಸನವು ಅದನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ದಡಿಗ ಮಾಧವರೆಂಬ ಇಬ್ಬರು ರಾಜಕುಮಾರರು ಸಿಂಹನಂದ್ಯಾಚಾರ್ಯರನ್ನು ಆಶ್ರಯಿಸಿದರು. ಆಚಾರ್ಯರು ಪದ್ಮಾವತಿಯ ಅನುಗ್ರಹದಿಂದ ಅವರಿಗೆ ಖಡ್ಗವನ್ನೂ ರಾಜ್ಯವನ್ನೂ ದೊರಕಿಸಿಕೊಟ್ಟರು. ಕಥೆಯು ಇಷ್ಟಕ್ಕೆ ಮುಗಿದಿದ್ದರೆ ಅದು ವರಪ್ರಸಾದದ ಸಾಮಾನ್ಯ ಕಥೆಗಳಲ್ಲಿ ಒಂದಾಗುತ್ತಿತ್ತು. ಆದರೆ ಆಚಾರ್ಯರು ವರದೊಡನೆ ಕಟ್ಟುಪಾಡುಗಳನ್ನೂ ವಿಧಿಸಿದರು. ನುಡಿದ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಬಿಟ್ಟರೆ, ಪರಸ್ತ್ರೀಯರನ್ನು ಅಪಹರಿಸಿದರೆ, ಮದ್ಯಮಾಂಸಗಳನ್ನು ಸೇವಿಸಿದರೆ, ನೀಚರ ಸಹವಾಸ ಮಾಡಿದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧರಂಗದಿಂದ ಓಡಿದರೆ ಅವರ ಕುಲವು ಕೆಡುವುದೆಂದು ಎಚ್ಚರಿಸಿದರು.

ಇಲ್ಲಿ ದೈವಾನುಗ್ರಹವು ಅರಸನಿಗೆ ಸಲುಗೆಯನ್ನು ಕೊಡಲಿಲ್ಲ, ಅವನನ್ನು ಕಟ್ಟಿಹಾಕಿತು. ಖಡ್ಗವನ್ನು ಪಡೆದವನು ತನ್ನ ನಡತೆಗೆ ಉತ್ತರವಾದಿಯಾದನು. ಗಂಗರು ತಮ್ಮ ರಾಜ್ಯವನ್ನು ಸ್ಥಾಪಿಸಿದುದು ೪ನೆಯ ಶತಮಾನದಲ್ಲಿ. ಶಾಸನವಾದರೋ ಅದಕ್ಕೆ ಸುಮಾರು ಎಂಟುನೂರು ವರ್ಷಗಳ ಈಚಿನದು. ಆದುದರಿಂದ ಈ ಕಥೆಯನ್ನು ನಡೆದ ಸಂಗತಿಯ ವರದಿಯೆಂದು ಹಿಡಿಯಲಾಗದು. ಅನುಗ್ರಹವೆಂದರೆ ಹೇಗಿರಬೇಕೆಂದು ೧೨ನೆಯ ಶತಮಾನದ ಕನ್ನಡಿಗರು ಭಾವಿಸಿದ್ದರೆಂಬುದಕ್ಕೆ ಮಾತ್ರ ಇದು ಒಳ್ಳೆಯ ಸಾಕ್ಷಿ.

ಇದೇ ಭಾವನೆಯು ಎಲಹಂಕದ ಪ್ರಭುಗಳ ಮೂಲಕಥೆಯಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಸಂಗ್ರಹಿಸಿರುವ ಐತಿಹ್ಯದ ಪ್ರಕಾರ, ೧೪ನೆಯ ಶತಮಾನದ ಕೊನೆಯ ವೇಳೆಗೆ ಮೊರಸು ಒಕ್ಕಲಿಗರ ಒಂದು ಗುಂಪು ಕಂಚಿಯ ಕಡೆಯಿಂದ ಹೊರಟು ನಂದಿದುರ್ಗಕ್ಕೆ ಪೂರ್ವದ ರಾಮಸ್ವಾಮಿಬೆಟ್ಟದ ತಪ್ಪಲಿನಲ್ಲಿ ಬೀಡುಬಿಟ್ಟಿತು. ಏಳು ಮಂದಿ ಸಹೋದರರು ಅದರ ಮುಖಂಡರು. ಅವರಲ್ಲಿ ರಣಭೈರೇಗೌಡನು ಪ್ರಧಾನನು. ಅವನ ಮಗಳನ್ನು ಬಲಾತ್ಕಾರದಿಂದ ಮದುವೆಯಾಗಬೇಕೆಂದಿದ್ದ ಪ್ರಬಲನೊಬ್ಬನಿಗೆ ಹೆದರಿ ಅವರು ಊರು ಬಿಟ್ಟಿದ್ದರು. ದಾರಿಯಲ್ಲಿ ತುಂಬಿ ಹರಿಯುತ್ತಿದ್ದ ಹೊಳೆಯು ಅವರ ಪ್ರಾರ್ಥನೆಗೆ ದಾರಿಬಿಟ್ಟಿತೆಂದೂ ಕಥೆಯು ಹೇಳುತ್ತದೆ. ಬೆಟ್ಟದ ಬುಡದಲ್ಲಿ ಕಳೆದ ಮೊದಲ ರಾತ್ರಿಯಲ್ಲಿಯೇ, ಅಲ್ಲಿ ನೆಲಸಬೇಕೆಂಬ ಆದೇಶವು ರಣಭೈರೇಗೌಡನಿಗೆ ಸ್ವಪ್ನದಲ್ಲಿ ಆಯಿತು. ಶುಭಶಕುನಗಳೂ ಕಂಡುಬಂದುವು. ಆಗ ಅವನು ತಮ್ಮಂದಿರ ಸಮ್ಮತಿಯನ್ನು ಪಡೆದು ಅಲ್ಲಿಯೇ ನಿಲ್ಲಲು ನಿಶ್ಚಯಿಸಿದನು. ಹೀಗೆ ಹುಟ್ಟಿದ ಹಳ್ಳಿಯೇ ದೇವನಹಳ್ಳಿಯ ಉತ್ತರಕ್ಕಿರುವ ಆವತಿ. ಈ ಮನೆತನದ ಶಾಖೆಗಳಿಂದಲೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಗಾರರೂ, ಜಯಗೌಡನಿಂದ ಮೊದಲಾದ ಎಲಹಂಕನಾಡ ಪ್ರಭುಗಳೂ ಬಂದರು.

ಈ ಕಥೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ಸ್ವಪ್ನವನ್ನೇ ಗಮನಿಸುವರು. ಸ್ವಪ್ನಕ್ಕಿಂತ ಮುಖ್ಯವಾದುದು ತಮ್ಮಂದಿರ ಸಮ್ಮತಿ. ಕನಸು ಬಿದ್ದುದು ಒಬ್ಬನಿಗೆ. ನೆಲಸಬೇಕಾಗಿದ್ದವರು ಏಳು ಮನೆಗಳವರು. ಅಣ್ಣನಿಗೆ ಆದೇಶವಾಯಿತೆಂಬ ಒಂದೇ ಕಾರಣದಿಂದ ಮಿಕ್ಕವರು ನೇಗಿಲನ್ನು ಬಂಡಿಯಿಂದ ಇಳಿಸಲಿಲ್ಲ. ಆದೇಶವನ್ನು ಅವರ ಮುಂದಿಟ್ಟು, ಅವರೂ ಒಪ್ಪಿದ ಮೇಲೆ ಗುಡಿಸಲುಗಳು ಎದ್ದುವು. ಒಕ್ಕಲುತನವನ್ನೇ ನಂಬಿದ್ದ ಆ ಜನರು ನೆಲವನ್ನೂ ನೀರನ್ನೂ ನೋಡದೆ ಕೇವಲ ಕನಸಿನ ಬಲದಿಂದ ಒಂದೆಡೆ ನಿಂತರೆಂದು ಭಾವಿಸುವುದು ಕಷ್ಟ. ಅಲೆದು ದಣಿದಿದ್ದವರಿಗೆ ದೈವದ ಮಾತು ಧೈರ್ಯವನ್ನು ಕೊಟ್ಟಿತು. ನಿರ್ಧಾರವು ಸಹೋದರರ ಸಭೆಯದಾಗಿಯೇ ಉಳಿಯಿತು.

ಆದೇಶವು ಅಧರ್ಮವನ್ನು ಬಯಸಿದರೆ ಏನು ಮಾಡಬೇಕೆಂಬ ಕಠಿಣವಾದ ಪ್ರಶ್ನೆಗೆ ಅದೇ ಮನೆತನದ ಇನ್ನೊಂದು ಐತಿಹ್ಯವು ಉತ್ತರ ಕೊಡುತ್ತದೆ. ಎಲಹಂಕದ ಹಿರಿಯ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸುತ್ತಿದ್ದಾಗ ಒಂದು ಹೆಬ್ಬಾಗಿಲು ನಿಲ್ಲದೆ, ಹಗಲು ಕಟ್ಟಿದುದು ರಾತ್ರಿ ಬೀಳುತ್ತಿತ್ತಂತೆ. ಬಲ್ಲವರನ್ನು ಕೇಳಲಾಗಿ, ತುಂಬಿದ ಬಸುರಿಯನ್ನು ಬಲಿ ಕೊಟ್ಟಲ್ಲದೆ ಬಾಗಿಲು ನಿಲ್ಲದೆಂದು ಅವರು ಹೇಳಿದರು. ಕೆಂಪೇಗೌಡನು ಇದಕ್ಕೆ ಒಪ್ಪಲಿಲ್ಲ. ಆದರೆ ಅವನ ಸೊಸೆ, ಗರ್ಭಿಣಿಯಾದ ಲಕ್ಷ್ಮಮ್ಮನು, ಮಾವನ ಸಂಕಟವನ್ನು ಕಂಡು, ಯಾರಿಗೂ ತಿಳಿಸದೆ ರಾತ್ರಿ ಬಾಗಿಲಿನ ಬಳಿಗೆ ಹೋಗಿ ಪ್ರಾಣವನ್ನು ಅರ್ಪಿಸಿದಳು. ಕೋರಮಂಗಲದಲ್ಲಿ ಅವಳ ಹೆಸರಿನ ಗುಡಿಯೂ ಸಮಾಧಿಯೂ ಇವೆ.

ಕೋಟೆ, ಸೇತುವೆ, ಕೆರೆಯ ಏರಿಗಳಿಗೆ ಬಲಿಯಾದವರ ಕಥೆಗಳು ಭಾರತದಲ್ಲಿಯೂ ಹೊರಗೂ ಅನೇಕವಾಗಿವೆ. ಆದುದರಿಂದ ಲಕ್ಷ್ಮಮ್ಮನ ಕಥೆಯನ್ನು ಇತಿಹಾಸವೆಂದು ಸಾಧಿಸುವುದು ಸುಲಭವಲ್ಲ. ಕಥೆಯ ನ್ಯಾಯವನ್ನು ಮಾತ್ರ ಸ್ಪಷ್ಟವಾಗಿ ಗುರುತಿಸಬಹುದು. ಜನರು ತಮ್ಮ ನಗರದ ಸ್ಥಾಪಕನನ್ನು ಬಲಿಕೊಟ್ಟವನೆಂದು ನೆನೆಯಲು ಇಷ್ಟಪಡಲಿಲ್ಲ. ಬಲಿಯನ್ನು ನಿರಾಕರಿಸಿದವನೆಂದೇ ನೆನೆದರು. ದೈವದ ಹೆಸರಿನಲ್ಲಿ ಬಂದ ಮಾತಾದರೂ ನಿರಪರಾಧಿಯ ಪ್ರಾಣವನ್ನು ಕೇಳುವುದಾದರೆ ಅದನ್ನು ಪ್ರಭುವು ನಡೆಸಲಾಗದೆಂಬುದು ಕಥೆಯನ್ನು ಕಟ್ಟಿದವರ ಮತ. ತನ್ನ ಪ್ರಾಣವನ್ನು ತಾನು ಕೊಡುವುದು ಬೇರೆ, ಪರರ ಪ್ರಾಣವನ್ನು ಕೊಡಿಸುವುದು ಬೇರೆ ಎಂಬ ವಿವೇಕವನ್ನೂ ಅವರು ಬಿಡಲಿಲ್ಲ. ಆದರೂ ಅಪ್ಪಣೆಯೆಂಬ ಮಾತು ಒಮ್ಮೆ ಹೊರಬಿದ್ದ ಮೇಲೆ ಅದರ ಭಾರವು ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರ ಮೇಲೆ ಬಿದ್ದಿತೆಂಬುದನ್ನು ಮರೆಯಲಾಗದು. ಪ್ರಭುವು ಒಲ್ಲೆನೆಂದರೂ ಸೊಸೆಯು ಉಳಿಯಲಿಲ್ಲ. ದೈವವನ್ನು ಏನು ಕೇಳಬೇಕೆಂಬುದರಷ್ಟೇ, ಯಾರ ಬಾಯಿಂದ ಉತ್ತರವನ್ನು ಕೇಳುತ್ತಿದ್ದೇವೆಂಬುದರಲ್ಲಿಯೂ ಎಚ್ಚರವಿರಬೇಕೆಂಬ ಪಾಠವು ಈ ಕಥೆಯಲ್ಲಿ ಅಡಗಿದೆ.

ಐತಿಹ್ಯಗಳಲ್ಲಿ ಹೀಗೆ ಕಾಣುವ ವಿವೇಕವು ಧರ್ಮಶಾಸ್ತ್ರದಲ್ಲಿ ನಿಯಮದ ರೂಪವನ್ನೇ ತಾಳಿದೆ. ಚಾಳುಕ್ಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ವ್ಯವಹಾರಗಳಲ್ಲಿ ಸತ್ಯವನ್ನು ನಿರ್ಣಯಿಸಲು ಬರಹ, ಅನುಭೋಗ, ಸಾಕ್ಷಿಗಳು ಎಂಬ ಮೂರು ಮಾನುಷಪ್ರಮಾಣಗಳು ಅಲ್ಲಿ ಹೇಳಲ್ಪಟ್ಟಿವೆ. ಇವುಗಳಲ್ಲಿ ಒಂದೂ ದೊರೆಯದಿದ್ದಾಗ ಮಾತ್ರ ದಿವ್ಯಕ್ಕೆ, ಅಂದರೆ ದೈವದಿಂದ ನಿರ್ಣಯ ಪಡೆಯುವುದಕ್ಕೆ, ಅವಕಾಶ. ತುಲೆ, ಅಗ್ನಿ, ಜಲ, ವಿಷ, ಕೋಶ ಎಂದು ಮಹಾದಿವ್ಯಗಳು ಐದು. ಕೋಶವೆಂದರೆ ದೇವರಿಗೆ ಅಭಿಷೇಕ ಮಾಡಿದ ನೀರನ್ನು ಕುಡಿಸುವುದು. ಕುಡಿದವನಿಗೆ ಹದಿನಾಲ್ಕು ದಿನಗಳೊಳಗೆ ದೊಡ್ಡ ಕೇಡೇನೂ ಒದಗದಿದ್ದರೆ ಅವನು ಶುದ್ಧನೆಂದು ತೀರ್ಮಾನ. ಅಪವಾದವನ್ನು ಹೊರಿಸಿದವನು ತಾನು ಸೋತರೆ ದಂಡಕ್ಕೆ ಗುರಿಯಾಗಲು ಒಪ್ಪಬೇಕೆಂಬ ಕಟ್ಟಳೆಯೂ ಉಂಟು.

ಕಾಯಿಸಿದ ಕಬ್ಬಿಣವನ್ನು ಹಿಡಿಸಿ ಸತ್ಯವನ್ನು ನಿರ್ಣಯಿಸುವ ಪದ್ಧತಿಯು ಈ ಕಾಲದವರಿಗೆ ಕ್ರೂರವಾಗಿಯೂ ಅಯುಕ್ತವಾಗಿಯೂ ತೋರುವುದು ಸಹಜವೇ. ಅದನ್ನು ಸಮರ್ಥಿಸಬೇಕಾದುದಿಲ್ಲ. ಆದರೆ ಆ ಪದ್ಧತಿಯನ್ನು ಒಪ್ಪಿದ್ದ ಶಾಸ್ತ್ರಕಾರರೇ ಅದಕ್ಕೆ ಕೊಟ್ಟ ಸ್ಥಾನವು ಗಮನಾರ್ಹವಾಗಿದೆ. ಕಾಗದವಿದ್ದರೆ ಕಾಗದವನ್ನು ಓದಬೇಕು. ಸಾಕ್ಷಿಯಿದ್ದರೆ ಸಾಕ್ಷಿಯನ್ನು ವಿಚಾರಿಸಬೇಕು. ಮನುಷ್ಯನ ಬುದ್ಧಿಗೆ ದಾರಿಯಿರುವಾಗ ದೈವಕ್ಕೆ ತೊಂದರೆ ಕೊಡಬಾರದೆಂಬುದೇ ಅದರ ತಾತ್ಪರ್ಯವು. ಹೀಗೆ ಕೇಳುವವನೂ ಉತ್ತರದ ಫಲಕ್ಕೆ ಹೊಣೆಯಾಗಬೇಕು.

ಇದೇ ಚಾಳುಕ್ಯರ ಕಾಲದಲ್ಲಿ ಶಕುನಶಾಸ್ತ್ರವೂ ವಿದ್ವಾಂಸರ ಅಭ್ಯಾಸದ ವಿಷಯವಾಗಿತ್ತು. ಎರಡನೆಯ ಚಾವುಂಡರಾಯನ ಲೋಕೋಪಕಾರ (೧೦೨೫), ಶ್ರೀಧರಾಚಾರ್ಯನ ಜಾತಕತಿಲಕ (೧೦೪೯) ಎಂಬ ಕನ್ನಡ ಗ್ರಂಥಗಳೂ, ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವೂ ಇದಕ್ಕೆ ಸಾಕ್ಷಿ. ಲೋಕೋಪಕಾರದಲ್ಲಿ ಶಕುನದೊಡನೆ ಅಂತರ್ಜಲವನ್ನು ಗುರುತಿಸುವುದು, ಗಿಡಮರಗಳನ್ನು ಬೆಳೆಸುವುದು, ವೈದ್ಯ ಮೊದಲಾದ ಲೌಕಿಕ ವಿಷಯಗಳೂ ಇವೆ. ನೀರಿರುವ ನೆಲದ ಲಕ್ಷಣವನ್ನು ತಿಳಿಯುವುದೂ ಶಕುನವನ್ನು ನೋಡುವುದೂ ಆ ಕಾಲದ ಗೃಹಸ್ಥನಿಗೆ ಒಂದನ್ನೊಂದು ವಿರೋಧಿಸುವ ವಿದ್ಯೆಗಳಾಗಿರಲಿಲ್ಲ. ೧೨ನೆಯ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಲಗ್ನಶಕುನಗಳ ಮೇಲಣ ಈ ಅವಲಂಬನವನ್ನೇ ಪ್ರಶ್ನಿಸಿದರು. ಶಿವನನ್ನು ನಂಬಿದವನಿಗೆ ಎಲ್ಲ ಹೊತ್ತೂ ಶುಭವೆಂದೂ, ನಾಳೆಯನ್ನು ಕಾಯುವ ಅಗತ್ಯವಿಲ್ಲವೆಂದೂ ಅವರು ವಚನಗಳಲ್ಲಿ ಸಾರಿದರು. ಇದು ದೈವವನ್ನು ತಳ್ಳಿಹಾಕಿದ ಮಾತಲ್ಲ. ದೈವದ ಮೇಲೆ ಭಾರ ಹಾಕುವವನು ಹೊತ್ತಿನ ಭಯವನ್ನು ಬಿಡಬೇಕೆಂಬ ಮಾತು.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುಸುಲ್ತಾನನ ಚರಿತ್ರೆಯಿಂದ, ದೈವಸೂಚನೆಯನ್ನು ಅರಸುವ ಪ್ರವೃತ್ತಿಯು ಒಂದು ಮತಕ್ಕೆ ಸೇರಿದುದಲ್ಲವೆಂದು ವಿದಿತವಾಗುತ್ತದೆ. ಅವನು ತನ್ನ ಕನಸುಗಳನ್ನು ಪಾರಸಿ ಭಾಷೆಯಲ್ಲಿ ಸ್ವಹಸ್ತದಿಂದ ಬರೆದಿಡುತ್ತಿದ್ದನು. ಶ್ರೀರಂಗಪಟ್ಟಣದ ಪತನಾನಂತರ ಅರಮನೆಯಲ್ಲಿ ದೊರೆತು ಲಂಡನ್ನಿಗೆ ಹೋದ ಆ ಪುಸ್ತಕದಲ್ಲಿ ೧೭೮೫ರಿಂದ ೧೭೯೮ರವರೆಗಿನ ೩೭ ಕನಸುಗಳಿವೆ. ೧೭೮೬ರಲ್ಲಿ ಸವಣೂರಿನ ಕಡೆ ಮರಾಠರ ಪಾಳೆಯದ ಮೇಲೆ ರಾತ್ರಿ ದಾಳಿ ನಡೆಸುವುದಕ್ಕೆ ಮೊದಲು ಬಿದ್ದ ಕನಸೊಂದನ್ನು ಅವನು ಜಯದ ಸೂಚನೆಯೆಂದು ಅರ್ಥಮಾಡಿಕೊಂಡನು. ಅಲ್ಲಿಯೂ ಸೈನ್ಯವು ಆಗಲೇ ಶತ್ರುವಿನ ಎದುರಿಗಿತ್ತು. ಕನಸು ಧೈರ್ಯವನ್ನಷ್ಟೇ ಹೆಚ್ಚಿಸಿತು. ೧೭೯೧ರಲ್ಲಿ ಮರಾಠರ ಸೈನ್ಯವು ಶೃಂಗೇರಿಯನ್ನು ಸೂರೆಮಾಡಿದ ಮೇಲೆ ಅವನು ಅಲ್ಲಿಯ ಸ್ವಾಮಿಗಳಿಗೆ ಪತ್ರಗಳನ್ನು ಬರೆದು ಶತಚಂಡೀ ಸಹಸ್ರಚಂಡೀ ಜಪಗಳನ್ನು ನಡೆಸಬೇಕೆಂದು ಕೇಳಿಕೊಂಡನು. ಈ ಪತ್ರಗಳನ್ನು ೧೯೧೬ರಲ್ಲಿ ಬೆಳಕಿಗೆ ತಂದವರು ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು.

೧೭೯೯ನೆಯ ಮೇ ೪ರಂದು ಬೆಳಗ್ಗೆ, ಅಂದಿನ ದಿನವು ಅಶುಭವೆಂದು ಜೋಯಿಸರು ಸುಲ್ತಾನನನ್ನು ಎಚ್ಚರಿಸಿದರು. ಅವನು ಆನೆ ಮೊದಲಾದುವನ್ನು ಬ್ರಾಹ್ಮಣರಿಗೆ ದಾನಮಾಡಿದನು. ಮಧ್ಯಾಹ್ನ ಇಂಗ್ಲಿಷರ ಸೈನ್ಯವು ಫಿರಂಗಿಯ ಹೊಡೆತದಿಂದ ಒಡೆದಿದ್ದ ಗೋಡೆಯ ಮೂಲಕ ಕೋಟೆಯನ್ನು ಹೊಕ್ಕಿತು. ಸುಲ್ತಾನನು ಕಾದಾಡುತ್ತಲೇ ಮಡಿದನು. ಶಾಂತಿವಿಧಿಗಳಲ್ಲಿ ಕೊರತೆಯಿರಲಿಲ್ಲ; ಕೊರತೆಯಿದ್ದುದು ಗೋಡೆಯಲ್ಲಿ. ಆ ವೇಳೆಗೆ ಅದನ್ನು ಸರಿಪಡಿಸುವ ಕಾಲವೂ ಮೀರಿತ್ತು. ಮಾನುಷಪ್ರಮಾಣವು ಮೊದಲೆಂಬ ಶಾಸ್ತ್ರದ ಮಾತು ನ್ಯಾಯಸ್ಥಾನಕ್ಕೆ ಮಾತ್ರವಲ್ಲದೆ ರಣರಂಗಕ್ಕೂ ಸಲ್ಲುವುದೆಂದು ಈ ಪ್ರಸಂಗದಿಂದ ಗ್ರಹಿಸಬಹುದು.

ಅರಸರ ವಿಷಯವು ಹಾಗಿರಲಿ. ಗ್ರಾಮಗಳಲ್ಲಿ ಒಕ್ಕಲು ಮಕ್ಕಳು ಅಪ್ಪಣೆ ಕೇಳುತ್ತ ಬಂದಿರುವ ರೀತಿಯನ್ನು ಪರಿಶೀಲಿಸಿದರೆ ಇದೇ ಅಭಿಪ್ರಾಯವು ದೃಢಪಡುತ್ತದೆ. ಬಯಲುಸೀಮೆಯ ಗುಡಿಗಳಲ್ಲಿ ಪೂಜಾರಿಯು ದೇವರ ಎಡಬಲಗಳಲ್ಲಿ ಹೂಗಳನ್ನು ಏರಿಸುವನು. ಭಕ್ತನು ತನ್ನ ಮಾತನ್ನು ಅರಿಕೆ ಮಾಡಿಕೊಳ್ಳುವನು. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ. ಎಡಗಡೆಯದು ಬಿದ್ದರೆ ಬೇಡವೆಂದು ಅರ್ಥ. ತಿಪಟೂರಿನ ಬಳಿಯ ದಸರೀಘಟ್ಟದಲ್ಲಿ ಚೌಡೇಶ್ವರಿಯು ಅಕ್ಷರಗಳನ್ನು ಬರೆದೇ ಉತ್ತರ ಕೊಡುವಳೆಂದು ಜನರು ನಂಬಿರುವರು. ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತಹುಣ್ಣಿಮೆಯ ಜಾತ್ರೆಯ ಕಾಲದಲ್ಲಿ, ಉಪವಾಸವಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ನೆರೆದ ಜನಸಮುದಾಯವು ನಿಶ್ಶಬ್ದವಾದಾಗ ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುವನು. ಇದೇ ಕಾರಣಿಕ. ಆ ವಾಕ್ಯದಲ್ಲಿ ಮಳೆಯ ಹೆಸರಾಗಲಿ, ಬೆಳೆಯ ಹೆಸರಾಗಲಿ, ಆಳುವವರ ಹೆಸರಾಗಲಿ ಸ್ಪಷ್ಟವಾಗಿ ಇರುವುದು ಅಪೂರ್ವ. ಕೇಳಿದವರು ಊರಿಗೆ ಹಿಂದಿರುಗಿ ಅದರ ಅರ್ಥವನ್ನು ತಾವೇ ಚರ್ಚಿಸಿ ನಿಶ್ಚಯಿಸಿಕೊಳ್ಳಬೇಕು. ದೈವವು ಒಂದು ಮಾತನ್ನು ಮಾತ್ರ ಕೊಡುವುದು. ಅದರ ವ್ಯಾಖ್ಯಾನದ ಹೊಣೆಯು ಮನುಷ್ಯರದೇ.

ಹೂ ಕೇಳುವಲ್ಲಿಯೂ ಒಂದು ಸೂಕ್ಷ್ಮವುಂಟು. ದೇವರ ಮುಂದೆ ಇಡುವ ಪ್ರಶ್ನೆಯು ಹೌದು ಅಥವಾ ಅಲ್ಲ ಎಂಬ ಉತ್ತರಕ್ಕೆ ಒಗ್ಗುವಂತಿರಬೇಕು. ವರನ ಮನೆತನ, ಹೊಲಗದ್ದೆ, ನಡೆನುಡಿಗಳನ್ನು ವಿಚಾರಿಸಿ, ನೆಂಟರೊಡನೆ ಮಾತನಾಡಿ, ಇಂಥ ಮನೆಗೆ ಕೊಡಬಹುದೇ ಎಂಬ ಹಂತಕ್ಕೆ ಬಂದಲ್ಲದೆ ಅಂತಹ ಪ್ರಶ್ನೆಯು ರೂಪುಗೊಳ್ಳದು. ಯಾವ ಊರಿನ ಯಾವ ಮನೆ ಎಂದು ಹೂವನ್ನು ಕೇಳಲಾಗದು. ಹೀಗೆ ಪ್ರಶ್ನೆಯನ್ನು ಸಿದ್ಧಪಡಿಸುವ ಕೆಲಸದಲ್ಲಿಯೇ ಮನುಷ್ಯವಿಚಾರವು ಬಹುಮಟ್ಟಿಗೆ ಮುಗಿದಿರುತ್ತದೆ. ಅಪ್ಪಣೆಯನ್ನು ಊರವರ ಎದುರಿಗೆ ಪಡೆದ ಮೇಲೆ ಮಾತಿಗೆ ತಪ್ಪುವುದು ಕಷ್ಟ. ಸಂಶಯದಲ್ಲಿ ತೂಗಾಡುತ್ತಿದ್ದ ಮನಸ್ಸು ನೆಲೆಗೊಳ್ಳುತ್ತದೆ. ಮುಂದೆ ಕಷ್ಟ ಬಂದರೆ ಮನೆಯವರು ಒಬ್ಬರನ್ನೊಬ್ಬರು ದೂರುವುದೂ ಕಡಮೆಯಾಗುತ್ತದೆ. ಆದರೆ ಮುಗಿಸಬೇಕಾದ ವಿಚಾರಣೆಯನ್ನು ಬಿಟ್ಟು ಹೂವಿನ ಮೇಲೆ ಹೊರೆ ಹಾಕಿದಲ್ಲಿ, ಹುಡುಗಿಯ ಇಷ್ಟವನ್ನು ಕೇಳದೆ ದೇವರನ್ನು ಮಾತ್ರ ಕೇಳಿದಲ್ಲಿ, ಇದೇ ಸಂಪ್ರದಾಯವು ಹಿರಿಯರು ಹೊಣೆಯಿಂದ ಜಾರಿಕೊಳ್ಳುವ ಸಾಧನವಾಗುತ್ತದೆ.

ಕೊಡಿಗೇಹಳ್ಳಿಯ ಇಂದಿನ ಸ್ಥಿತಿಯು ಬೇರೆಯಾಗಿದೆ. ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದ ಮೇಲೆ ಈ ಹಳ್ಳಿಯು ಪಾಲಿಕೆಯ ಒಂದು ವಾರ್ಡಿಗೆ ಹೆಸರನ್ನು ಕೊಟ್ಟಿತು. ರೈಲು ನಿಲ್ದಾಣವೂ ಬಡಾವಣೆಗಳೂ ಹೊಲಗಳ ಸೀಮೆಯನ್ನು ಆವರಿಸಿವೆ. ಕಟ್ಟುಕೊಡಿಗೆಯ ಕಾಲದ ಪ್ರಶ್ನೆಗಳು ಹೋಗಿ, ನಿವೇಶನದ ಕ್ರಯ, ಮಕ್ಕಳ ವ್ಯಾಸಂಗ, ಪರದೇಶದ ಉದ್ಯೋಗ ಮೊದಲಾದ ಪ್ರಶ್ನೆಗಳು ಬಂದಿವೆ. ಪ್ರಶ್ನೆಯು ಬದಲಾದರೂ, ತನ್ನ ಅಳವಿಗೆ ಮೀರಿದ ನಿರ್ಧಾರದ ಮುಂದೆ ನಿಂತ ಮನುಷ್ಯನ ಅಳುಕು ಬದಲಾಗಿಲ್ಲ. ಆ ಅಳುಕಿಗೆ ಹಿರಿಯರು ಕಂಡುಕೊಂಡ ಪರಿಹಾರದ ಕ್ರಮವು ಮೇಲಿನ ಸಂಗತಿಗಳಿಂದ ಸ್ಪಷ್ಟವಾಗಿದೆ. ಕಾಗದವನ್ನು ಓದಿ, ಸಾಕ್ಷಿಯನ್ನು ಕೇಳಿ, ಸಹೋದರರ ಸಮ್ಮತಿಯನ್ನು ಪಡೆದು, ಆಮೇಲೆ ದೈವವನ್ನು ಕೇಳಬೇಕು. ಕೇಳಿದವನು ಉತ್ತರಕ್ಕೆ ತಾನೇ ಮೊದಲು ಕಟ್ಟುಬೀಳಬೇಕು. ಉತ್ತರವು ಪರರ ಕೇಡನ್ನು ಬಯಸಿದರೆ ಅದು ದೈವದ ಮಾತಲ್ಲವೆಂದು ತಿಳಿಯಬೇಕು. ಎಲಹಂಕನಾಡಿನ ಐತಿಹ್ಯಗಳಲ್ಲಿ ದೈವಾನುಜ್ಞೆಯು ಗೌರವವನ್ನು ಪಡೆದಿರುವುದು ಈ ಮೂರು ನಿಬಂಧನೆಗಳಿಗೆ ಒಳಪಟ್ಟಲ್ಲಿ ಮಾತ್ರ.